ಚಿಂದಿ ಕಟ್ಟಿದ ಹಂಡೆ

ಮೊನ್ನೆ ನಮ್ಮ ಓಣಿಯ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಹಾಳಾದ ಚಾರ್ಜರ್, ಇಯರ್‌ಫೋನ್, ಟಿವಿಯ ವೈರುಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಒಳಗಿನ ತಾಮ್ರ ಅವರಿಗೆ, ಹೊಗೆ ಮಾತ್ರ ನಮಗೆ ಪುಕ್ಕಟೆ. ಬೈದುಕೊಳ್ಳುತ್ತ ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತುಬಿಟ್ಟೆ. ಆ ಕಟು ವಾಸನೆ ನನ್ನನ್ನು ಬೀದರಿನ ಗಾಂಧಿ ಗಂಜದ ಮಾರುಕಟ್ಟೆಯ ಹಿಂದಿದ್ದ ನಮ್ಮ ಬಾಡಿಗೆ ಮನೆಗೆ ಎಳೆದೊಯ್ದಿತು. ಆ ಮನೆಯ ಅಡುಗೆಮನೆಯಿಂದ ನೋಡಿದರೆ ಎದುರಿಗೇ ಭಂಗಾರದ, ಅಂದರೆ ಗುಜರಿಯ, ಅಂಗಡಿ. ತಗಡು, ಡಬ್ಬ, ಸತ್ತ ರೇಡಿಯೊಗಳ ನಡುವೆ ತಕ್ಕಡಿ ಮುಂದಿಟ್ಟುಕೊಂಡು ಕುಳಿತ ಮೌಶಿ…

ಇಡೀ ಓಣಿಗೆ ಆಕೆ ಮೌಶಿ, ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ನಾನು ಆಗಷ್ಟೇ ಶಾಲೆಯ ನೌಕರಿ ಹಿಡಿದ ಮಾಸ್ತರಿಣಿ, ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮ ಪರಿಚಯ ಶುರುವಾದದ್ದೇ ಹೊಗೆಯ ಜಗಳದಿಂದ. ಒಗೆದು ಹಾಕಿದ ಬಟ್ಟೆಯೆಲ್ಲ ನಾರುತ್ತದೆ ಎಂದು ಕೂಗಾಡಿದೆ. ಆಕೆ ತಲೆ ಎತ್ತದೆ, "ಗಾಳಿಗಿ ಹೇಳ್ರಿ ಟೀಚರಬಾಯಿ, ನನ್ನ ಮಾತು ಅದು ಕೇಳಲ್ಲ" ಅಂದಳು. ಮರುದಿನದಿಂದ ನನ್ನ ಬಟ್ಟೆ ಹಗ್ಗದ ಮೇಲಿದ್ದಾಗ ಅಲ್ಲಿ ಬೆಂಕಿ ಬೀಳಲಿಲ್ಲ.

ಮಳೆ ಕೈಕೊಟ್ಟ ವರ್ಷಗಳವು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿ ಪುಣೆಗೆ, ಹೈದರಾಬಾದಿಗೆ ಹೊರಟಿದ್ದರು. ಸಾಲು ಸಾಲು ಮನೆಗಳಿಗೆ ಬೀಗ. ಬೀಗ ಕಂಡಲ್ಲಿ ಕಳ್ಳರು. ತಾಮ್ರ, ಹಿತ್ತಾಳೆ ಕಂಡರೆ ಬಿಡುತ್ತಿರಲಿಲ್ಲ. ಹೊಲದ ಮೋಟಾರು ಬಿಚ್ಚಿ ವೈರು ಕಿತ್ತರು, ಹಿತ್ತಲ ಹಂಡೆ ಹೊತ್ತರು. ಎಲ್ಲರ ಬೆರಳೂ ಭಂಗಾರದ ಅಂಗಡಿಗಳ ಕಡೆ. ಕೆಲವರು ಕದ್ದ ಮಾಲು ಕೊಳ್ಳುತ್ತಲೂ ಇದ್ದರು, ಸುಳ್ಳೇಕೆ ಹೇಳಲಿ? ಮೌಶಿ ಮಾತ್ರ ಹೊಸದಾಗಿ ಕತ್ತರಿಸಿದ, ಥಳಥಳ ಹೊಳೆಯುವ ವೈರು ಬಂದರೆ ಮುಟ್ಟುತ್ತಿರಲಿಲ್ಲ.

ಇದನ್ನು ಊರಿನ ಗಂಡಸರಿಗಿಂತ ಹಳ್ಳಿಯ ಹೆಣ್ಣುಮಕ್ಕಳು ಚೆನ್ನಾಗಿ ತಿಳಿದಿದ್ದರು. ದುಡಿಯಲು ಹೋಗುವ ಮುಂಚೆ ಅವರು ತಮ್ಮ ಹಂಡೆ, ಕೊಡ, ತಪೇಲಿಗಳನ್ನು ಮೌಶಿಯ ಹಿಂದಿನ ಕೋಣೆಯಲ್ಲಿ ಇಟ್ಟು ಹೋಗುತ್ತಿದ್ದರು. ಮಾರಾಟಕ್ಕಲ್ಲ, ಜೋಪಾನಕ್ಕೆ. ಚೀಟಿ ಇಲ್ಲ, ಲೆಕ್ಕ ಇಲ್ಲ. ಹಳೆಯ ಸೀರೆಯ ಚಿಂದಿಯೊಂದನ್ನು ಎರಡಾಗಿ ಹರಿದು ಅರ್ಧ ಪಾತ್ರೆಯ ಕೊರಳಿಗೆ ಕಟ್ಟುವುದು, ಉಳಿದರ್ಧ ತಾವು ಒಯ್ಯುವುದು. ತಿರುಗಿ ಬಂದಾಗ ಎರಡೂ ಕೂಡಿದರೆ ಪಾತ್ರೆ ಅವರದು. ಕಳ್ಳರಿಗೆ ಹೆದರಿ ಭಂಗಾರದವಳ ಹತ್ತಿರ ತಾಮ್ರ ಇಡುವುದೇ ಎಂದು ನಾನು ನಕ್ಕದ್ದುಂಟು.

ಹಾಗೆ ಬಂದವಳು ಸಾಯಗಾಂವದ ಒಬ್ಬ ಹೆಣ್ಣುಮಗಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ತಾಮ್ರದ ಹಂಡೆ. ಮುರಿದ ಮಿಕ್ಸರ್ ಹಾಕಲು ಹೋದ ನಾನು ಅಲ್ಲೇ ಇದ್ದೆ. ಹಂಡೆ ತವರಿನದು, ಕೊರಳಿನ ಮೇಲೆ ಅವಳ ಅಪ್ಪನ ಹೆಸರು ಕೊರೆಸಿತ್ತು. ಗಂಡನ ಅಣ್ಣ ಮನೆಯ ಹಿತ್ತಾಳೆ ಸಾಮಾನನ್ನೆಲ್ಲ ಆಗಲೇ ಮಾರಿ ಬಣ್ಣದ ಟಿವಿ ತಂದಿದ್ದ. ಕೊಡದಲ್ಲಿ ನೀರಿಲ್ಲದ ಮನೆಯಲ್ಲಿ ಟಿವಿ!

"ಭಾವಗ ಗೊತ್ತಾಗಬಾರ್ದ್ರಿ ಮೌಶಿ. ಅವ್ರ ಮ್ಯಾಲ ಇಸವಾಸ ಇಲ್ದೆ ಇಲ್ಲಿ ಇಟ್ಟೀನಿ ಅಂತ ತಿಳದ್ರ ನನಗ ತಿರುಗಿ ಮನಿಯಾಗ ಕರ್ಕೊಳಲ್ರು."

"ನನ್ನ ಬಾಯಿಂದ ಹೊರಗ ಬರಲ್ಲ ತಂಗಿ. ನಡಿ, ಬಸ್ ತಪ್ಪೀತು."

ಬೇಸಿಗೆ ಏರಿತು. ಔರಾದ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಬೋರಿನ ಮೋಟಾರನ್ನೇ ಬಿಚ್ಚಿ ತಾಮ್ರ ಕದ್ದರೆಂಬ ಸುದ್ದಿ ಗಂಜದಲ್ಲೆಲ್ಲ ಹಬ್ಬಿತ್ತು. ಜನರ ಹೊಟ್ಟೆಯಲ್ಲಿ ಬೆಂಕಿ. ಅಂಥ ಒಂದು ಭಾನುವಾರ ಆ ಭಾವನೇ ಅಂಗಡಿಗೆ ಬಂದ. ಟಿವಿ ಕೆಟ್ಟು ಕೂತಿತ್ತು, ರಿಪೇರಿಗೆ ಹಾಕುವುದಕ್ಕಿಂತ ಹೊಸದೇ ಅಗ್ಗ ಎಂದು ಯಾರೋ ಹೇಳಿದ್ದರಂತೆ, ತೂಕಕ್ಕೆ ಹಾಕಲು ಹೊತ್ತು ತಂದಿದ್ದ. ಆತ ಯಾರೆಂದು ಮೌಶಿಗೆ ಹೇಗೆ ತಿಳಿಯಬೇಕು? ಟಿವಿ ಇಡಲು ಹಿಂದಿನ ಕೋಣೆಯ ಬಾಗಿಲು ತೆರೆದಳು.

"ನಮ್ಮ ಮನಿ ಹಂಡಿ! ನಮ್ಮ ತಮ್ಮನ ಮಾವನ ಹೆಸರು ಅದ, ಓದ್ರಿ! ಕಳ್ಳಿ ಸಿಕ್ಕಾಳ ಬರ್ರಿ!"

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಅಷ್ಟರಲ್ಲಿ ಹಮಾಲರು ಮೂಟೆ ಇಳಿಸಿ ಬಂದಿದ್ದರು, ಆಟೊದವರು ಆಟೊ ನಿಲ್ಲಿಸಿ ಬಂದಿದ್ದರು. ಪಾತ್ರೆಗಳನ್ನೆಲ್ಲ ದರದರ ಎಳೆದು ಬೀದಿಗೆ ಹಾಕಿದರು. ಒಂದೊಂದರ ಮೇಲೆ ಒಂದೊಂದು ಹೆಸರು, ಒಂದೊಂದು ಬಣ್ಣದ ಚಿಂದಿ. "ಯಾವ ಕಳ್ಳಂದು ಯಾವ ಮಾಲಂತ ಗುರುತು ಕಟ್ಯಾಳ ನೋಡ್ರಿ!" ಎಂದು ಯಾರೋ ಕೂಗಿದರು. ಆ ಮಾತಿಗೆ ಇಡೀ ಗುಂಪು ಹೌದೆಂದಿತು. ಒಬ್ಬ ಆಕೆಯ ತಕ್ಕಡಿ ಕಿತ್ತು ಚರಂಡಿಗೆ ಎಸೆದ. ಇನ್ನೊಬ್ಬನ ಕೈಯಲ್ಲಿ ಕಲ್ಲಿತ್ತು. ನಾನು ಗುಂಪನ್ನು ಸರಿಸುತ್ತ ಮೌಶಿಯ ಪಕ್ಕಕ್ಕೆ ಬಂದೆ.

"ಯಾರು ಕೊಟ್ರು ಹೇಳು!"

"ಇಟ್ಟವ್ರು ಬರ್ತಾರ. ಬಂದ್ರ ಕೊಡ್ತೇನಿ" ಎಂಬುದೊಂದೇ ಮೌಶಿಯ ಉತ್ತರ.

ನಾನು ಬಾಯಿ ತೆರೆದೆ. ಆಕೆ ಗಬಕ್ಕನೆ ನನ್ನ ಮುಂಗೈ ಹಿಡಿದಳು. "ಸಾಲಿಗಿ ಹೊತ್ತಾತು, ನಡೀರಿ ಟೀಚರಬಾಯಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ ಕಿವಿಯ ಹತ್ತಿರ ಬಂದು, "ಆಕಿ ತಿರುಗಿ ಬಂದು ಅದೇ ಮನಿಯಾಗ ಬಾಳ್ವಿ ಮಾಡಬೇಕ್ರಿ" ಅಂದಳು. ಭಾನುವಾರ ಯಾವ ಶಾಲೆ! ಆದರೆ ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಹಂಡೆ ಯಾರದೆಂದು ಹೇಳಲು ಹೊರಟವಳು ಹಿಂದೆ ಸರಿದುಬಿಟ್ಟೆ.

ಪೊಲೀಸರು ಬಂದು ಆಕೆಯನ್ನೂ ಪಾತ್ರೆಗಳನ್ನೂ ಜೀಪಿಗೆ ಹಾಕಿಕೊಂಡು ಹೋದರು. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಆ ಕಲ್ಲು ಕೈಯಲ್ಲೇ ಉಳಿಯುತ್ತಿರಲಿಲ್ಲ. ಯಾವ ಕಳವಿನ ದೂರಿಗೂ ಆ ಪಾತ್ರೆಗಳು ತಾಳೆಯಾಗದೆ ಕೆಲವು ದಿನಕ್ಕೆ ಆಕೆಯನ್ನು ಬಿಟ್ಟು ಪಾತ್ರೆಗಳನ್ನು ತಿರುಗಿ ಕೊಟ್ಟರು. ಸಾಯಗಾಂವದ ಹಂಡೆಯನ್ನು ಮಾತ್ರ ಹೆಸರು ತೋರಿಸಿ, ಮನೆಯ ಹಿರಿಯ ನಾನೇ ಎಂದು ಹೇಳಿ ಭಾವ ಒಯ್ದಿದ್ದ. ಆಮೇಲೆ ಓಣಿಯ ಜನ ಮೌಶಿಗೆ ಹಳೆಯ ಪೇಪರ್ ಹಾಕುವುದನ್ನೂ ನಿಲ್ಲಿಸಿದರು.

ಮಳೆ ಬಿದ್ದ ಮೇಲೆ ಆ ಹೆಣ್ಣುಮಗಳು ಪುಣೆಯಿಂದ ನೇರ ಅಂಗಡಿಗೇ ಬಂದಳು, ಕೈಯಲ್ಲಿ ಹಸಿರು ಚಿಂದಿ. ಮೌಶಿ ನಡೆದದ್ದನ್ನೆಲ್ಲ ಹೇಳಿದಳು. ಈಗ ಅವಳು ಮೌಶಿಯ ಕಾಲು ಹಿಡಿಯುತ್ತಾಳೆ ಅಂದುಕೊಂಡೆ ನಾನು. ಅವಳು ನೆಲಕ್ಕೆ ಕುಕ್ಕರಿಸಿ ಎದೆ ಎದೆ ಬಡಿದುಕೊಂಡಳು.

"ನಾನೇ ಇಟ್ಟೀನಂತ ನೀವು ಹೇಳಬೇಕಿತ್ರಿ! ಬೈಸಿಕೊಂತಿದ್ದೆ, ಬಡಸಿಕೊಂತಿದ್ದೆ, ನನ್ನಪ್ಪನ ಹಂಡಿ ಉಳೀತಿತ್ತು. ಯಾಕ ಬಾಯಿ ಮುಚ್ಚಿದ್ರಿ ಮೌಶಿ? ಅಂವ ಇಷ್ಟೊತ್ತಿಗಿ ಅದನ್ನ ಮಾರಿ ತಿಂದಿರ್ತಾನ."

ನನಗೆ ಮೈಯೆಲ್ಲ ಉರಿಯಿತು. ಉಪಕಾರ ಸ್ಮರಣೆ ಇಲ್ಲದವಳೇ ಎನ್ನಲು ಹೊರಟಿದ್ದೆ. ಮೌಶಿ ನನ್ನ ಕಡೆ ತಿರುಗಿ, "ಆಕಿ ಹೇಳೋದು ಖರೆ ಅದರಿ" ಅಂದಳು. ಅಷ್ಟು ಜನ ಬೈದಾಗ, ಜೀಪು ಹತ್ತುವಾಗ ಬಾರದ ನೀರು ಆಗ ಆಕೆಯ ಕಣ್ಣಿಗೆ ಬಂದಿತ್ತು.

ಮುಂದಿನ ವರ್ಷ ಮಳೆ ಮತ್ತೆ ಕೈಕೊಟ್ಟಿತು. ಹೆಂಗಸರು ಮತ್ತೆ ಪಾತ್ರೆ ಹೊತ್ತು ಬಂದರು. "ನಾ ಇಟ್ಕೊಳಲ್ಲವ್ವ, ಬ್ಯಾರೆ ಕಡಿ ನೋಡ್ರಿ" ಎಂದು ಮೌಶಿ ಕೈಮುಗಿದಳು. ಬೇರೆ ಕಡೆ ಎಲ್ಲಿತ್ತು? ಅವರು ತಲೆಯ ಮೇಲಿನ ಪಾತ್ರೆ ಕೆಳಗಿಳಿಸಿದರು. ಕಳ್ಳರು ಒಯ್ಯುವುದಕ್ಕಿಂತ ಮಾರುವುದೇ ಮೇಲು ಎಂದು, "ಹಂಗಾದ್ರ ತೂಗೇ ಬಿಡ್ರಿ" ಅಂದರು. ಮೌಶಿ ತೂಗಿದಳು. ಆಮೇಲೆ ಆ ಕೊಡ, ಹಂಡೆಗಳನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದಳು. ಭಂಗಾರ ಲಾರಿಗೆ ಹೋಗಬೇಕಾದರೆ ಹಾಗೆಯೇ ಹೋಗಬೇಕು. ಆ ಸದ್ದು ಕೇಳುತ್ತ ನನಗೆ ಅನ್ನ ಸೇರುತ್ತಿರಲಿಲ್ಲ. ಹೊಡೆಯುವವಳಿಗೆ ಹೇಗಾಗುತ್ತಿತ್ತೋ…

ನಾವು ಬೇರೆ ಬಡಾವಣೆಗೆ ಬಂದೆವು. ಮೌಶಿ ತೀರಿಕೊಂಡ ಸುದ್ದಿ ತಿಳಿಯುವಾಗ ವರ್ಷವೇ ಕಳೆದಿತ್ತು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಶೋರೂಮು, ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂಬ ಬೋರ್ಡು. ಆ ದಿನ ಆಕೆ ಬಾಯಿ ಮುಚ್ಚಿಕೊಂಡದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಆಕೆ ಇಲ್ಲವಲ್ಲ ಎಂದು ಅಳು ಬರುತ್ತದೆ, ಅದು ನಿಜ.

ಮಗಳ ಬಾಣಂತನಕ್ಕೆಂದು ನಾವು ನಾಳೆ ಪುಣೆಗೆ ಹೊರಟಿದ್ದೇವೆ, ಬರುವುದು ತಿಂಗಳುಗಟ್ಟಲೆ ತಡ. ಫ್ರಿಜ್ಜು, ಟಿವಿ ಕಳ್ಳರು ಒಯ್ದರೆ ಒಯ್ಯಲಿ. ನನ್ನವ್ವನ ತಾಮ್ರದ ಕೊಡವೊಂದಿದೆ. ಅಕ್ಕಪಕ್ಕದ ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತಟ್ಟಿ ನೋಡಿದೆ, ಯಾರ ಬಾಗಿಲಲ್ಲೂ ನಿಲ್ಲಲು ಮನಸ್ಸಾಗಲಿಲ್ಲ. ಕೊನೆಗೆ ಬ್ಯಾಗಿನಿಂದ ನನ್ನ ಅರ್ಧದಷ್ಟು ಸೀರೆಗಳನ್ನು ಹೊರತೆಗೆದು ಕೊಡವನ್ನೇ ತುರುಕಿದೆ. "ಪುಣಾದಾಗ ಕೊಡ ಸಿಗಲ್ಲೇನು?" ಎಂದು ಇವರು ನಗುತ್ತಿದ್ದಾರೆ. ನಗಲಿ.