ಪೆಟ್ರೋಲ್ ಟಾಕಿಯ ಬಾಯಿಗೆ ಸಾಬವ್ವನ ಮೂಗು

ಪುಣೆಯ ಸ್ವಾರಗೇಟಿನ ಹಿಂದಿನ ಗಲ್ಲಿಯಲ್ಲಿ ಚಹಾದಂಗಡಿಯ ಸ್ಟೋವ್ ಇನ್ನೂ ಹೊತ್ತಿಲ್ಲ. ಮೋಹನದಾಸ್ ಅವರ ಗ್ಯಾರೇಜಿನ ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಗಂಡ ಹುಲಿಗೆಪ್ಪ ಬೆಸುಗೆ ಹಾಕುವ ದೀಪ ಹಿಡಿದು ನಿಂತಿದ್ದಾರೆ, ಹಚ್ಚಿಲ್ಲ. ಹೆಂಡತಿ ಸಾಬವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾರಿನಿಂದ ಬಿಚ್ಚಿ ನೆಲಕ್ಕಿಟ್ಟ ಪೆಟ್ರೋಲ್ ಟಾಕಿಯ, ಅಂದರೆ ಟ್ಯಾಂಕಿನ ಮುಂದೆ ಮಂಡಿಯೂರಿದ್ದಾರೆ. ಟಾಕಿಯ ಬಾಯಿಗೆ ಮೂಗು ತಂದು ಒಮ್ಮೆ ಮೂಸುತ್ತಾರೆ, ಮುಖ ಆಚೆ ತಿರುಗಿಸಿ ಉಸಿರು ಬಿಡುತ್ತಾರೆ, ಮತ್ತೆ ಮೂಸುತ್ತಾರೆ.

"ಇನ್ನೂ ಅದರಿ," ಅನ್ನುತ್ತಾರೆ.

ಹುಲಿಗೆಪ್ಪ ದೀಪ ಕೆಳಗಿಡುತ್ತಾರೆ. ಮನೆಯಲ್ಲೇ ಸೋಡಾ ಹಾಕಿ ಕಾಯಿಸಿ, ಗೋಣಿಚೀಲ ಸುತ್ತಿ ತಂದ ಕೊಡದ ನೀರನ್ನು ಟಾಕಿಗೆ ಸುರಿದು, ಅತ್ತಿತ್ತ ಹೊರಳಿಸಿ, ಚರಂಡಿಗೆ ಚೆಲ್ಲುತ್ತಾರೆ. ಸಾಬವ್ವ ಮತ್ತೆ ಬಗ್ಗುತ್ತಾರೆ. ಈ ಸಲ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯುತ್ತದೆ. ಕೊನೆಗೆ ಎದ್ದು, ಮಂಡಿಯ ಮಣ್ಣು ಝಾಡಿಸಿಕೊಂಡು, "ಈಗ ಹಚ್ರಿ," ಅನ್ನುತ್ತಾರೆ. ಆಮೇಲೆಯೇ ಹುಲಿಗೆಪ್ಪ ಕಡ್ಡಿ ಗೀರುತ್ತಾರೆ.

ಲೇಖನ ಬರೆಯಲು ಬಂದ ನನಗೂ ಮೂಸಲು ಕೊಟ್ಟರು. ತೊಳೆಯುವ ಸೋಡಾದ ಹೊರತು ನನಗೇನೂ ತಿಳಿಯಲಿಲ್ಲ. ಬೆಳಗ್ಗೆದ್ದು ಚಹಾ ಕುಡಿದು ಬಂದಿದ್ದೀರಿ, ಕೂದಲಿಗೆ ಘಮಘಮ ಎಣ್ಣೆ ಬೇರೆ, ನಿಮಗೆಲ್ಲಿಂದ ತಿಳೀಬೇಕು ಎಂದು ಸಾಬವ್ವ ನಕ್ಕರು. ಅದೂ ಸರಿಯೇ. ಅವರು ಕೆಲಸ ಮುಗಿಯುವ ತನಕ ಚಹಾ ಮುಟ್ಟುವುದಿಲ್ಲ, ಹೂವು ಮುಡಿಯುವುದಿಲ್ಲ. ಹಲ್ಲಿಗೆ ತಿಕ್ಕುತ್ತಿದ್ದ ಮಶೇರಿ, ಅಂದರೆ ಸುಟ್ಟ ತಂಬಾಕಿನ ಪುಡಿಯನ್ನಂತೂ ಪೂರ್ತಿ ಬಿಟ್ಟಿದ್ದಾರೆ. ಬಾಲ್ಯದಿಂದ ಅಂಟಿದ ಚಟ. ಬಿಟ್ಟ ಹೊಸತರಲ್ಲಿ ತಲೆ ಸಿಡಿದು, ಮನೆಯಲ್ಲಿ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದರಂತೆ.

ಇಷ್ಟೆಲ್ಲ ಯಾಕೆಂದರೆ, ಹುಲಿಗೆಪ್ಪನವರಿಗೆ ವಾಸನೆ ತಿಳಿಯುವುದಿಲ್ಲ. ಟಾಕಿಯಲ್ಲಿ ಪೆಟ್ರೋಲಿನ ಆವಿ ಉಳಿದಿರುವಾಗ ದೀಪ ಹಚ್ಚಿದರೆ ಮನುಷ್ಯ ಉಳಿಯುವುದಿಲ್ಲ. ಹೀಗಾಗಿ ಆ ಮೂಗಿನ ಕೆಲಸವನ್ನು ಹೆಂಡತಿ ಮಾಡುತ್ತಾರೆ. ಆದರೆ ಈ ಏರ್ಪಾಡು ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಬೇಕು. ಇಂದಿನ ಗಾಡಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸುತ್ತಾರೆ. ಒಳಗೆ ಪೆಟ್ರೋಲ್ ವಾಸನೆ ಬಂದರೆ ಹುಲಿಗೆಪ್ಪನವರ ಕೈಯಿಂದ ದೀಪ ಹೋಯಿತು, ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕಾವಲಿಗೆ ಕೂರಬೇಕು. ಇದು ಮಾಲಕರು ಹಾಕಿದ ಷರತ್ತು. ಸಾಬವ್ವನ ಮುಖ ನೋಡಿದರೆ ಎರಡು ದಿನದಿಂದ ನಿದ್ದೆ ಇಲ್ಲವೆಂದು ಯಾರಾದರೂ ಹೇಳಬಹುದು.

ಇಬ್ಬರೂ ಸುರಪುರದ ಕಡೆಯವರು. ಮದುವೆಯಾದ ಹೊಸತರಲ್ಲಿ ಊರಿನ ಮೇಸ್ತ್ರಿಯೊಬ್ಬರ ಹಿಂದೆ ಪುಣೆಗೆ ಬಂದು ಕೋಥರೂಡದ ಕಟ್ಟಡಗಳಲ್ಲಿ ಗಾರೆ ಹೊತ್ತರು. ಒಮ್ಮೆ ಉಸುಕಿನ ಟ್ರಕ್ಕು ಕೆಟ್ಟು ನಿಂತಾಗ ಹುಲಿಗೆಪ್ಪ ಡ್ರೈವರನಿಗೆ ಕೈಜೋಡಿಸಿದರು, ಅದೇ ಟ್ರಕ್ಕು ಹತ್ತಿ ಹೋದವರು ಗ್ಯಾರೇಜಿನವರಾದರು. ಸಾಬವ್ವ ಮಾತ್ರ ಇಟ್ಟಿಗೆ ಹೊರುವುದನ್ನು ಮೊನ್ನೆ ಮೊನ್ನೆಯವರೆಗೂ ಬಿಟ್ಟಿರಲಿಲ್ಲ. ನನ್ನ ಮನೆ ಕೋಥರೂಡದ ಯಾವ ಸೊಸಾಯಿಟಿಯಲ್ಲಿದೆ ಎಂದು ಕೇಳಿ, ಹೆಸರು ಹೇಳಿದ ಕೂಡಲೇ, ಅಲ್ಲಿ ಮೂರನೆಯ ಮಾಳಿಗೆಯ ಗ್ಯಾಲರಿಗೆ ಮಳೆನೀರು ಒಳಗೆ ನುಗ್ಗುತ್ತದೆ ಹೌದಲ್ಲೋ ಅಂದರು. ನುಗ್ಗುತ್ತದೆ. ಮೇಸ್ತ್ರಿ ಇಳಿಜಾರು ತಪ್ಪಿಸಿದ ದಿನ ಇವರೇ ಗಾರೆ ಕೊಟ್ಟಿದ್ದರಂತೆ, ಮೇಸ್ತ್ರಿಗೆ ಹೇಳಿದರೆ ಗದರಿಸಿದನಂತೆ. ಹತ್ತು ವರ್ಷದಿಂದ ಮಳೆಗಾಲ ಬಂದಾಗಲೆಲ್ಲ ನಾನು ಬೈಯುತ್ತಿದ್ದವನು ಯಾರೆಂದು ಈಗ ಗೊತ್ತಾಯಿತು.

ಹುಲಿಗೆಪ್ಪನವರ ಕೆಲಸದ ಬಗೆ ಸ್ವಲ್ಪ ಹೇಳಬೇಕು. ಪೆಟ್ರೋಲ್ ತುಟ್ಟಿಯಾದ ಮೇಲೆ ಊರಿನ ದೊಡ್ಡ ಪರದೇಶಿ ಗಾಡಿಗಳ ಮಾಲಕರು ಹೊಟ್ಟೆಬಾಕ ಎಂಜಿನ್ ತೆಗೆಸಿ, ಜೀಪಿನಂಥ ಸಣ್ಣ ಎಂಜಿನ್ ಕೂರಿಸತೊಡಗಿದರು. ಎಂಜಿನ್ ಕೂರಿಸುವವರು ಬಹಳ ಮಂದಿ ಇದ್ದಾರೆ. ಅದಾದ ಮೇಲೆ ಉಳಿಯುವ ತಾಪತ್ರಯ ಆವಿಯದು. ಟಾಕಿಯಲ್ಲಿನ ಪೆಟ್ರೋಲ್ ಬಿಸಿಲಿಗೆ ಆವಿಯಾಗುತ್ತದೆ. ನಮ್ಮ ದೇಶಿ ಗಾಡಿಗಳಲ್ಲಿ ಅದು ಮುಚ್ಚಳದ ತೂತಿನಿಂದ ಹೊರಗೆ ಹೋಗುತ್ತದೆ, ಕೇಳುವವರಿಲ್ಲ. ಅಮೆರಿಕದ ಗಾಡಿಗಳಲ್ಲಿ ಹಾಗಲ್ಲ. ಟಾಕಿಯಿಂದ ಒಂದು ಸಣ್ಣ ಪೈಪು ಡಿಕ್ಕಿಯ ಒಳಗಿಂದ, ಹಿಂದಿನ ಸೀಟಿನ ಕೆಳಗಿಂದ ಹಾದು ಮುಂದೆ ಎಂಜಿನ್ ಪಕ್ಕದ ಒಂದು ಕರಿ ಡಬ್ಬಿಗೆ ಬರುತ್ತದೆ. ಆವಿ ಆ ಡಬ್ಬಿಯಲ್ಲಿ ಕೂತಿರುತ್ತದೆ, ಗಾಡಿ ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಸುಡುತ್ತದೆ. ಹೊಸ ಎಂಜಿನ್‌ಗೆ ಆ ಡಬ್ಬಿಯ ಪೈಪು ಸಿಕ್ಕಿಸಲು ಜಾಗವೇ ಇರುವುದಿಲ್ಲ.

ಎಪ್ಪತ್ತೆಂಟರ ಸುಮಾರಿಗೆ ಇಂಥ ಮೊದಲ ಗಾಡಿ ಗ್ಯಾರೇಜಿಗೆ ಬಂದಾಗ ಹುಲಿಗೆಪ್ಪನವರಿಗೆ ಇದೊಂದೂ ಗೊತ್ತಿರಲಿಲ್ಲ. ಡಬ್ಬಿ ಬೇಕಾರ್ ಎಂದು ಕಿತ್ತು, ಟಾಕಿಯ ಸಣ್ಣ ಪೈಪಿಗೆ ಬೇವಿನ ಕಡ್ಡಿಯ ಬೆಣೆ ಹೊಡೆದರು. ಗಾಡಿ ಖಂಡೋಬಾ ದೇವರ ಜೇಜುರಿಗೆಂದು ಹೊರಟು ದಿವೆ ಘಾಟಿನಲ್ಲಿ ನಿಂತುಬಿಟ್ಟಿತು. ಪೆಟ್ರೋಲ್ ಖರ್ಚಾದಂತೆ ಗಾಳಿ ಒಳಬರಲು ದಾರಿಯಿಲ್ಲದೆ ಟಾಕಿಯ ಹೊಟ್ಟೆ ಒಳಕ್ಕೆ ಸೇದಿಕೊಂಡಿತ್ತು. ಸರಿ ಎಂದು ಬೆಣೆ ತೆಗೆದರು. ಈಗ ಆವಿಯೆಲ್ಲ ಸೀಟಿನ ಕೆಳಗೆ ಬಂದು, ಹಿಂದೆ ಕೂತ ಭಕ್ತರು ಖಂಡೋಬಾನ ಮೆಟ್ಟಿಲು ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡರು.

ಕಿತ್ತ ಕರಿ ಡಬ್ಬಿ ಅಷ್ಟರಲ್ಲಿ ಪರ್ವತಿ ಗುಡ್ಡದ ಬುಡದ ಅವರ ಗುಡಿಸಲು ಸೇರಿತ್ತು. ಹಳೆ ತಗಡು ಸುಮ್ಮನೆ ಬಿಸಾಕುವ ಜನ ಅವರಲ್ಲ. ಸಾಬವ್ವ ಅದನ್ನು ಒಡೆದು ನೋಡಿದರೆ ಒಳಗೆಲ್ಲ ಇದ್ದಿಲು, ಕಡಲೆಬೇಳೆಯಷ್ಟು ಸಣ್ಣ ಸಣ್ಣ ಚೂರು. ಇಷ್ಟು ಚಂದದ ಇದ್ದಿಲು ದೇವರೇ ಕೊಟ್ಟನೆಂದು ಒಂದು ಮುಷ್ಟಿ ಒಲೆಗೆ ಹಾಕಿದರು. ಭುಗ್ಗನೆ ಎದ್ದ ಉರಿಗೆ ಹುಬ್ಬು, ಮುಂಗೂದಲು ಎಲ್ಲ ಚುರುಚುರು.

"ನಮ್ಮನಿಯವ್ರು ಮೊದಲ ಭಾಳ ನಕ್ಕರ್ರಿ," ಎಂದು ಸಾಬವ್ವ ಹೇಳುತ್ತಾರೆ. "ನಕ್ಕು ನಕ್ಕು ಒಮ್ಮಿಗೇ ಸುಮ್ಮನಾದ್ರು. ಇದ್ದಿಲ ಪೆಟ್ರೋಲ್ ಕುಡದದ ಅಲಾ ಅಂದ್ರು."

ಡಬ್ಬಿಯ ಗುಟ್ಟು ಹಾಗೆ ರಟ್ಟಾಯಿತು. ಡಬ್ಬಿ ಮಾತ್ರ ಹಾಳಾಗಿತ್ತು. ಹುಲಿಗೆಪ್ಪ ಒಂದು ಡಾಲ್ಡಾ ಡಬ್ಬಿಗೆ ಪೈಪು ಬೆಸೆದರು. ಸಾಬವ್ವ ಗುಡಿಯ ಮುಂದೆ ಬಿದ್ದ ತೆಂಗಿನ ಚಿಪ್ಪು ಆಯ್ದು ತಂದು ಸುಟ್ಟು, ಕುಟ್ಟಿ, ಜರಡಿ ಹಿಡಿದು ಇದ್ದಿಲು ತುಂಬಿದರು. ಹೊಸ ಎಂಜಿನ್ ಗಾಳಿ ಎಳೆಯುವ ಕಡೆ ತಾಮ್ರದ ಒಂದು ಚಿಕ್ಕ ನಳಿಗೆ ಕೂರಿಸಿ ಡಬ್ಬಿಯ ಪೈಪನ್ನು ಅದಕ್ಕೆ ಸಿಕ್ಕಿಸಿದರು. ವಾಂತಿ ನಿಂತಿತು. ಅಂದಿನಿಂದ ಇಂಥ ಯಾವ ಗಾಡಿ ಬಂದರೂ ಆವಿಯ ಪೈಪು, ಟಾಕಿ, ಡಬ್ಬಿ ಹುಲಿಗೆಪ್ಪನವರದು. ಡಬ್ಬಿಯೊಳಗಿನ ಇದ್ದಿಲು ಸಾಬವ್ವನದು. ಪುಣೆಯ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಆಕೆ ಕುಟ್ಟಿದ್ದು ಎಷ್ಟಿದೆಯೋ ಲೆಕ್ಕ ಇಟ್ಟವರಿಲ್ಲ.

ಮೂಗು ಯಾವಾಗ ಹೋಯಿತೆಂದು ಹುಲಿಗೆಪ್ಪನವರಿಗೂ ಗೊತ್ತಿಲ್ಲ. ವರ್ಷಾನುಗಟ್ಟಲೆ ಟಾಕಿ ತೊಳೆದದ್ದು, ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆದದ್ದು, ಎಲ್ಲ ಸೇರಿ ನಿಧಾನಕ್ಕೆ ತಿಂದಿರಬೇಕು. ಹೋದ ದೀಪಾವಳಿಯ ಹಿಂದಿನ ವಾರ, ಅಂಗಳದಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆಯಿದ್ದ ಜಾಗದಲ್ಲಿ ಅವರು ಕಡ್ಡಿ ಗೀರಿದರು. ದೇವರ ದಯೆ, ಬಲಗೈ ಮೊಣಕೈವರೆಗೆ ಬೆಂದದ್ದು ಬಿಟ್ಟರೆ ಜೀವ ಉಳಿಯಿತು. ಮೋಹನದಾಸ್ ಅವರು ಪೆಟ್ರೋಲಿನ ಅರಿವೆಯನ್ನು ಅವರ ಮೂಗಿನ ಕೆಳಗೆ ಹಿಡಿದು ಏನಿದು ಎಂದು ಕೇಳಿದರಂತೆ. ನೀರಲ್ಲವೇ ಎಂದು ಹುಲಿಗೆಪ್ಪ ಅಂದರಂತೆ. ಇದನ್ನು ನನಗೆ ಹೇಳಿದವರು ಮಾಲಕರೇ. ಪಿಂಪರಿಯ ಈ ಸಿಂಧಿ ಶೇಟ್ ಗಡಸು ಬಾಯಿಯವರು, ಆದರೆ ಕಲ್ಲೆದೆಯವರಲ್ಲ. ಕೆಲಸ ಬಿಡಿಸಲಿಲ್ಲ. ಗೇಟಿನಲ್ಲಿ ಕೂತುಕೋ, ಪಗಾರ ಅದೇ, ದೀಪ ಮಾತ್ರ ಮುಟ್ಟಬೇಡ ಅಂದರು.

ಪಗಾರ ಅದೇ ಇದ್ದರೇನು, ಹುಲಿಗೆಪ್ಪ ಊಟ ಬಿಟ್ಟರು. ಗೇಟಿನಿಂದ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಆಗ ಸಾಬವ್ವ ಇಟ್ಟಿಗೆಯ ಬುಟ್ಟಿ ಬಿಟ್ಟು ಗ್ಯಾರೇಜಿಗೆ ಬಂದು, ಶೇಟ್‌ಜೀ ಎದುರು ನಿಂತು, ತನ್ನ ಸೊಟ್ಟ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಅವರ ಮೂಗು ಹೋಗಿದೆ, ನನ್ನದು ಇದೆ, ಮನೆಯೊಂದೇ ಅಲ್ಲವೇ. ಗ್ಯಾರೇಜಿನವರು ಮುಸಿಮುಸಿ ನಕ್ಕರು. ಹೆಣ್ಣುಮಗಳು ಟಾಕಿ ಮೂಸುವುದೇ, ಛೀ ಅಂದರು. ಮೋಹನದಾಸ್ ನಗಲಿಲ್ಲ. ಒಂದು ಗಾಡಿ ನೋಡೋಣ ಅಂದರು. ಅದೇ ಇವತ್ತಿನ ಗಾಡಿ.

ಗಾಡಿ ಲೋಕನಾಥರದು. ಸ್ವಾರಗೇಟಿನಿಂದ ಜೇಜುರಿಗೆ ಯಾತ್ರಿಕರನ್ನು ಕರೆದೊಯ್ಯುವ ಇವರು ವಿದೇಶಿಯೊಬ್ಬ ಬಿಟ್ಟುಹೋದ ಅಮೆರಿಕನ್ ಗಾಡಿ ಕೊಂಡು ಅದಕ್ಕೆ ಜೀಪಿನ ಎಂಜಿನ್ ಹಾಕಿಸಿದ್ದಾರೆ. ನಾಳೆ ಬೆಳಗ್ಗೆಯೇ ಬಾಡಿಗೆ ಇದೆ. ಟಾಕಿ ಕೂರಿಸಿ, ಪೆಟ್ರೋಲ್ ತುಂಬಿ, ಮಧ್ಯಾಹ್ನ ಗಾಡಿಯನ್ನು ನಡು ಅಂಗಳದಲ್ಲಿ ನಿಲ್ಲಿಸಿ ಗಾಜು ಏರಿಸುತ್ತಾರೆ. ಮೇ ತಿಂಗಳ ಬಿಸಿಲು. ಎಲ್ಲರೂ ಊಟಕ್ಕೆ ಹೋದರೂ ಹುಲಿಗೆಪ್ಪ ಗಾಡಿಯ ನೆರಳಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಾರೆ.

ಮೂರರ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ. ಲೋಕನಾಥ ಹಿಂದಿನ ಸೀಟಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಏನೂ ವಾಸನೆ ಇಲ್ಲ ಅನ್ನುತ್ತಾರೆ. ಇಬ್ಬರು ಮೆಕ್ಯಾನಿಕರು ಕೂತು ನೋಡಿ ಇಲ್ಲವೆಂದು ತಲೆಯಾಡಿಸುತ್ತಾರೆ. ಮೋಹನದಾಸ್ ಅವರೂ ಕೂತು ಎದ್ದು, ಸರಿಯಿದೆ ಅನ್ನುವ ಹಾಗೆ ಕೈ ಮಾಡುತ್ತಾರೆ. ನನಗಂತೂ ಹೋದ ಜೀವ ಬಂದ ಹಾಗಾಗಿದೆ. ಕೊನೆಗೆ ಸಾಬವ್ವ ಒಳಗೆ ಹೋಗುತ್ತಾರೆ. ಸೀಟಿನ ಸಂದಿಗೆ ಮುಖ ಕೊಡುತ್ತಾರೆ. ಬಹಳ ಹೊತ್ತು ಈಚೆ ಬರುವುದೇ ಇಲ್ಲ. ಬಂದಾಗ ಮುಖ ಬಿಳಿಚಿಕೊಂಡಿದೆ.

"ವಾಸ್ನಿ ಅದರಿ," ಅನ್ನುತ್ತಾರೆ.

ಯಾರಿಗೂ ಬಾರದ ವಾಸನೆ ಅದು. ಸುಮ್ಮನಿದ್ದರೆ ಷರತ್ತು ಗೆದ್ದ ಹಾಗೆಯೇ ಇತ್ತು. ಇಷ್ಟು ಖರೇತನ ಯಾಕೆ ತಾಯಿ ಎಂದು ನನಗೆ ಕೇಳಬೇಕೆನಿಸಿತು. ಮೋಹನದಾಸ್ ಬೆಂಚಿನ ಮೇಲಿದ್ದ ಬೆಸುಗೆ ದೀಪ ಎತ್ತಿಕೊಂಡು ತಮ್ಮ ಕೋಣೆಗೆ ಹೋಗುತ್ತಾರೆ. ಹುಲಿಗೆಪ್ಪ ದೀಪದ ಕಡೆ ನೋಡುವುದಿಲ್ಲ, ಹೆಂಡತಿಯ ಕಡೆ ನೋಡುತ್ತಾರೆ.

"ಎಲ್ಲ್ಯದ?"

"ಹಿಂದಿನ ಸೀಟಿನ ಕೆಳಗ, ಎಡಕ್ಕ."

ಅವರು ಸೀಟು ಬಿಚ್ಚುತ್ತಾರೆ. ಆವಿಯ ಪೈಪು ಬಾಗುವ ಕಡೆ ಒಂದು ಜೋಡಣೆ, ನಿನ್ನೆ ಅವರೇ ಬೆಸೆದದ್ದು. ಸೋಪಿನ ನೀರು ಹಚ್ಚಿದರೆ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಹುಲಿಗೆಪ್ಪ ಆ ತುಂಡನ್ನು ಬಿಚ್ಚಿ, ತೊಳೆದು, ಕೈಯಲ್ಲಿ ಹಿಡಿದುಕೊಂಡು ಮಾಲಕರ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಮತ್ತೆ ಬೆಸೆಯಲು ದೀಪ ಬೇಕಲ್ಲ. ಸಾಬವ್ವ ಅವರ ಹಿಂದೆ.

ಮೋಹನದಾಸ್ ಅವರು ಆಮೇಲೆ ಹಿಂದಿಯಲ್ಲಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಬೆಸುಗೆ ಯಾರದಾದರೂ ತಪ್ಪಬಹುದು, ತಮ್ಮದೂ ತಪ್ಪಿದೆ. ಅವರಿಗಿದ್ದ ಭಯ ಒಂದೇ, ಗಂಡನ ದೀಪ ಉಳಿಸಿಕೊಳ್ಳಲು ಈಕೆ ಎಂದಾದರೂ ಒಂದು ದಿನ ವಾಸನೆ ಇಲ್ಲವೆಂದು ಸುಳ್ಳು ಹೇಳಿಯಾಳು ಎಂಬುದು. ಆ ಭಯ ಇವತ್ತು ಹೋಯಿತು. ಅವರು ದೀಪ ತಂದು ಹುಲಿಗೆಪ್ಪನವರ ಸುಟ್ಟ ಕೈಯಲ್ಲಿಟ್ಟು, ಈಕೆ ಪಕ್ಕದಲ್ಲಿ ನಿಂತಿರುವ ತನಕ ಇದು ನಿನ್ನದೇ ಅಂದರು.

ಸುಮ್ಮನಿರಬಹುದಿತ್ತಲ್ಲ ಎಂದು ನಾನು ಸಾಬವ್ವನನ್ನು ಕೇಳಿಯೇ ಕೇಳಿದೆ. "ಖಂಡೋಬಾಗ ಹೋಗೋರು ನಮ್ಮ ಕಡೀ ಮಂದೀನೂ ಇರ್ತಾರಲ್ರಿ. ಹಿಂದ ಕುಂತು ಒಬ್ಬ ಬೀಡಿ ಹಚ್ಚಿದ್ರ?" ಅಂದರು. ಹುಲಿಗೆಪ್ಪನವರನ್ನು ಕೇಳಿದೆ, ಯಾರಿಗೂ ಬಾರದ ವಾಸನೆ, ನಿಮಗೆ ಅನುಮಾನ ಬರಲಿಲ್ಲವೇ ಎಂದು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಆಕಿ ಅದ ಅಂದ್ರ ಅದರಿ," ಅಂದು ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದರು.

ಜೋಡಣೆ ಮತ್ತೆ ಬೆಸೆದು, ಸಾಬವ್ವ ಮೂಸಿ ಹೂಂ ಅಂದ ಮೇಲೆ, ಸಂಜೆ ಲೋಕನಾಥರ ಗಾಡಿ ಹೊರಟಿತು. ಚಹಾ ಬಂತು. ಸಾಬವ್ವ ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು ನಿಧಾನಕ್ಕೆ ಕುಡಿದರು. ಇನ್ನೇನು ಆಸೆ ಉಳಿದಿದೆ ಎಂದು, ಇಂಥ ಲೇಖನಕ್ಕೆ ಕೇಳಲೇಬೇಕಾದದ್ದನ್ನು ಕೇಳಿದೆ. ಏನೂ ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ರೊಟ್ಟಿ ಕರ್ರಗ ಹೊತ್ತಿದ್ರೂ ಸುಮ್ಮ ತಿಂತಾರ್ರಿ. ಚಲೋ ಆಗ್ಯದ ಅಂತಾರ. ಒಂದ್ ದಿನ, ಒಂದ ದಿನರೆ, ಏನಿದು ಹೊತ್ತ್ಯದಲ್ಲ ಅಂತ ನನಗ ಬೈಬೇಕ್ರಿ."