ಮೊದಲು ತನ್ನ ಮುಂಗೈಗೆ

ನಮ್ಮ ಬೀದಿಯ ಪಾರ್ಲರ್ ಅಕ್ಕನ ಎರಡು ಹುಚ್ಚಿನಿಂದ ನಮಗೆಲ್ಲ ಸಾಕುಸಾಕಾಗಿದೆ. ಪ್ರಾಣಿಗಳ ಮೇಲೆ ಪ್ರಯೋಗಿಸಿದ ಕ್ರೀಮನ್ನು ಅವಳು ಅಂಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದೇನೇ ಬಂದರೂ ಮೊದಲು ತನ್ನ ಮುಂಗೈಗೇ ಹಚ್ಚಿ ನೋಡಿ, ಆಮೇಲೆ ನಮಗೆ ಹೇಳುತ್ತಾಳೆ. ಇನ್ನೊಂದು, ತನಗೆ ಹಿಡಿಸಿದ ಸಿನಿಮಾವನ್ನು ಬೀದಿಗೆಲ್ಲ ತೋರಿಸದೆ ಬಿಡುವುದಿಲ್ಲ. ಕಳೆದ ವಾರ ಅವಳ ತಲೆಗೆ ಹತ್ತಿದ್ದು ಒಂದು ಬ್ರಿಟಿಷ್ ಸಿನಿಮಾ. ಅದರಲ್ಲಿ ಸೊಸೆಯೊಬ್ಬಳು ಅತ್ತೆಯ ಟೀಗೆ ವಿಷ ಬೆರೆಸಿ, ಹೆಣದ ಎದುರು ಕೂತು ಬಿಸ್ಕತ್ತು ತಿನ್ನುತ್ತಾಳೆ. ಅದನ್ನು ನೋಡಿ ನಾವು ಹೊಟ್ಟೆ ಹುಣ್ಣಾಗುವಂತೆ ನಗಬೇಕಂತೆ!

ನಿನ್ನೆ ನಾನು ಐಬ್ರೋ ಮಾಡಿಸಿಕೊಳ್ಳಲು ಕೂತಿದ್ದಾಗ ಮೂಲೆಮನೆಯ ಅಜ್ಜಿ ಒಳಗೆ ಬಂದರು. ಕೈಯಲ್ಲಿ ಫ್ಲಾಸ್ಕು. ಮುಖ ಗಂಟಿಕ್ಕಿಕೊಂಡಿತ್ತು.

"ಆ ಸಿನಿಮಾ ನೋಡು ಅಂತ ನನ್ನ ಸೊಸೆಗೆ ಹೇಳಿದ್ದು ನೀನೇನಾ?"

ನನ್ನ ಹುಬ್ಬಿನ ಮೇಲಿದ್ದ ದಾರ ಅಲ್ಲೇ ನಿಂತಿತು.

"ಹೌದಮ್ಮಾ, ತಮಾಷೆ ಸಿನಿಮಾ ಅದು," ಎಂದಳು ಅಕ್ಕ.

"ಎರಡು ಸಲ ನೋಡಿದ್ಲು. ಯಾವತ್ತೂ ಒಲೆ ಕಡೆ ತಿರುಗದೋಳು ಇವತ್ತು ತಾನಾಗೇ ಟೀ ಮಾಡಿ ತಂದ್ಕೊಟ್ಲು."

ಅಜ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಸುರಿದರು. ಹಬೆ ಎದ್ದಿತು.

"ಬೆಕ್ಕಿಗೆ ಹಾಕಿ ನೋಡೋಣ ಅಂದ್ಕೊಂಡೆ. ಆದ್ರೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡೋದು ಪಾಪ ಅಂತ ದಿನಾ ಬಡ್ಕೊಳ್ಳೋಳು ನೀನೇ ಅಲ್ವಾ?" ಅಜ್ಜಿ ಮುಚ್ಚಳವನ್ನು ಅಕ್ಕನ ಮೂಗಿನ ಕೆಳಗೇ ಹಿಡಿದರು. "ತಗೋ, ಮೊದಲು ನೀನು ಕುಡಿ."