ಓಲೆಸುಂಡ್ ಬಗ್ಗೆ ಹತ್ತು ನಿಮಿಷ

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ, ಸಮುದ್ರದ ದಂಡೆಯ ಒಂದು ಊರಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಟೀಚರ್ ಹೇಳಿದ್ದರು. ಇಲ್ಲಿ ಜರ್ಮನಿಯಲ್ಲಿ ಅದಕ್ಕೆ ರೆಫರಾಟ್ ಅನ್ನುತ್ತಾರೆ. ನಮ್ಮ ಡಾರ್ಮ್‌ಸ್ಟಾಟ್‌ಗೆ ಸಮುದ್ರವಿಲ್ಲ. ಹಿಂದಿನ ಬೇಸಿಗೆಯಲ್ಲಿ ನಾರ್ವೆಯ ಓಲೆಸುಂಡ್‌ನಲ್ಲಿ ಮೂರು ದಿನ ಇದ್ದೆವು. ಅವಳು ಅದನ್ನೇ ಆರಿಸಿಕೊಂಡಳು.

ಆಗ ಗದಗಿನಿಂದ ನನ್ನ ಅವ್ವ ಬಂದಿದ್ದಳು. ಅವಳು ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಜರ್ಮನ್‌ನಲ್ಲಿ ಉತ್ತರಿಸುವುದು, ನಡುವೆ ನಾನು ಬಿಡಿಸಿ ಹೇಳುವುದು, ಹೀಗೆ ನಡೆದಿತ್ತು. ಒಂದು ಶನಿವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಚಿತ್ರ ಅಂಟಿಸಿದ ದೊಡ್ಡ ರಟ್ಟು ಹಿಡಿದು ಅಜ್ಜಿಯ ಮುಂದೆ ಅಭ್ಯಾಸಕ್ಕೆ ನಿಂತಳು. ಪೂರ್ತಿ ಜರ್ಮನ್‌ನಲ್ಲೇ ಹೇಳಿ ಮುಗಿಸಿದಳು. ಅವ್ವ ಕೊನೆತನಕ ಕೇಳಿ, "ಛಲೋ ಹೇಳಿದಿ. ಆದ್ರ ಒಂದೂ ತಿಳೀಲಿಲ್ಲ. ಈಗ ನನಗ ತಿಳಿಯೂ ಹಂಗ ಹೇಳು," ಅಂದಳು.

ಮಗಳು ನನ್ನ ಕಡೆ ನೋಡಿದಳು. ಹಿಟ್ಟಾದ ಕೈ ತೋರಿಸಿ ನಾನು ಮುಂದಿನ ರೊಟ್ಟಿ ಬಡಿಯತೊಡಗಿದೆ.

ತಡವರಿಸುತ್ತಾ ಶುರು ಮಾಡಿದಳು. ದ್ವೀಪಕ್ಕೆ ಶಬ್ದ ಸಿಗದೆ "ನೀರಾಗಿನ ಊರು" ಅಂದಳು. ಅಂಥ ಹಲವು ಸೇರಿ ಒಂದು ಊರು. ನಡುವೆ ಸೇತುವೆ, ನೀರಿನ ಕೆಳಗೆ ಸುರಂಗ. ಮೀನಿಗೆ ಉಪ್ಪು ಹಚ್ಚಿ ಒಣಗಿಸಿ ದೂರದ ದೇಶಗಳಿಗೆ ಕಳಿಸುತ್ತಾರೆ. ಗುಡ್ಡಕ್ಕೆ ನಾನೂರ ಹದಿನೆಂಟು ಮೆಟ್ಟಿಲು. ಹತ್ತುವಾಗ ಅವಳಪ್ಪ ಮೂರು ಕಡೆ ಕೂತದ್ದನ್ನೂ ಬಿಡಲಿಲ್ಲ.

ಆಮೇಲೆ ಬೆಂಕಿಯ ಸುದ್ದಿ. ನೂರಿಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಮನೆಗಳು ಕಟ್ಟಿಗೆಯವು. ಚಳಿಗಾಲದ ಒಂದು ರಾತ್ರಿ ಬಿರುಗಾಳಿಗೆ ಬೆಂಕಿ ಹಬ್ಬಿ ಊರು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಜರ್ಮನಿಯಿಂದ ಹಡಗುಗಳಲ್ಲಿ ನೆರವು ಹೋಯಿತು. ಕೆಲವೇ ವರ್ಷಗಳಲ್ಲಿ ಕಲ್ಲು, ಇಟ್ಟಿಗೆಯ ಹೊಸ ಊರು ಎದ್ದಿತು. ಗೋಡೆಗಳ ಮೇಲೆಲ್ಲ ಹೂಬಳ್ಳಿ, ಮೂಲೆಗಳಲ್ಲಿ ಗೋಪುರ.

"ಎಷ್ಟು ಮಂದಿ ಸತ್ರು?" ಅವ್ವ ಕೇಳಿದಳು.

"ಒಂದೇ ಅಜ್ಜಿ. ಹೊರಗ ಬಂದಿದ್ಲು. ಮತ್ತ ಒಳಗ ಹೋದ್ಲು. ಅವಳ ಟಾಷೆ... ಚೀಲ ಬೇಕಿತ್ತು."

ಅವ್ವ ರಟ್ಟಿನ ಮೇಲಿನ ಚಿತ್ರಗಳನ್ನು ನೋಡುತ್ತಾ, "ನಮ್ಮವ್ವನೂ ಹಂಗ ಒಳಗ ಹೋಗಿದ್ಲು," ಅಂದಳು.

ಅವ್ವನಿಗೆ ಆಗ ಏಳು ವರ್ಷವಂತೆ. ಹಿತ್ತಲ ಬಣವೆಗೆ ಹತ್ತಿದ ಬೆಂಕಿ ಮನೆಗೆ ಬಂತು. ಎಲ್ಲರೂ ಹೊರಬಂದ ಮೇಲೆ ಕರು ಒಳಗೇ ಉಳಿದದ್ದು ನೆನಪಾಗಿ ನನ್ನ ಅಜ್ಜಿ ತಿರುಗಿ ಓಡಿದಳು. ಗಂಟು ಬಿಚ್ಚಲಾಗದೆ ಹಗ್ಗವನ್ನು ಕುಡುಗೋಲಿನಿಂದ ಕೊಯ್ದು ಕರುವನ್ನು ಹೊರತಂದಳು. ಎಡಗೈ ಮೊಣಕೈತನಕ ಸುಟ್ಟಿತ್ತು. ಆ ಕೈಯ ಕಲೆ ನಾನು ಎಷ್ಟೋ ಸಲ ನೋಡಿದ್ದೇನೆ. ಕಾದ ಎಣ್ಣೆ ಸಿಡಿದದ್ದು ಅಂದುಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಹೇಳೂವಂಥಾದ್ದು ಏನೈತಿ ಅದರಾಗ? ಮನಿ ಮತ್ತ ಕಟ್ಟಿದ್ವಿ."

ಆಮೇಲೆ ಕರು ಏನಾಯಿತು ಎಂಬುದು ಮಗಳ ಪ್ರಶ್ನೆ. ದೊಡ್ಡದಾಗಿ ಐದು ಸೂಲು ಹಾಲು ಕೊಟ್ಟಿತು ಎಂದು ಅವ್ವ ಹೇಳಿದಳು. ಸೂಲು ಎಂದರೆ ಆಕಳು ಕರು ಹಾಕುವ ಸರದಿ ಎಂದು ಮಗಳಿಗೆ ವಿವರಿಸುವಷ್ಟರಲ್ಲಿ ನನ್ನ ಒಂದು ರೊಟ್ಟಿ ಸೀದಿತ್ತು.

ಮಂಗಳವಾರ ರೆಫರಾಟ್ ಆಯಿತು. ಸಿಕ್ಕ ಅಂಕ ಎರಡು; ಇಲ್ಲಿ ಒಂದೇ ಎಲ್ಲಕ್ಕಿಂತ ಮೇಲಿನದು, ಎರಡು ಅದರ ಕೆಳಗಿನದು. ಓಲೆಸುಂಡ್‌ನ ನಡುವೆ ಗದಗಿನ ಕರು ಬಂದದ್ದರಿಂದ ಹೊತ್ತು ಮೀರಿತ್ತು, ಅದು ವಿಷಯಕ್ಕೆ ಸೇರಿದ್ದಲ್ಲ ಎಂದು ಟೀಚರ್ ಬರೆದಿದ್ದರು. ಮಗಳಿಗೆ ಅದರ ಬೇಸರವಿರಲಿಲ್ಲ. ಶೂ ಬಿಚ್ಚುತ್ತಲೇ ಅಜ್ಜಿಯನ್ನು ಕರೆದು, ಯಾರ್‍ಯಾರು ಏನೇನು ಕೇಳಿದರೆಂದು ತನ್ನ ಮುರುಕು ಕನ್ನಡದಲ್ಲಿ ವರದಿ ಒಪ್ಪಿಸತೊಡಗಿದಳು.